ಪಾಲು

2025ರ ಮಳೆಗಾಲದ ಒಂದು ಸಂಜೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾಗದಗಳನ್ನು ಹರವಿಕೊಂಡು ನನ್ನ ಮಗಳೂ ಅವಳ ಗೆಳತಿಯೂ ಕುಳಿತಿದ್ದರು. "ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು ಅನ್ನೋದನ್ನ ಮೊದಲು ಬರೆದುಬಿಡೋಣ" ಎಂದು ಮಗಳು ಆಡಿದ ಮಾತು ಒಳಕೋಣೆಯಲ್ಲಿ ಮಲಗಿದ್ದ ನನ್ನ ತಾಯಿಯವರ ಕಿವಿಗೆ ಬಿದ್ದಿತು. ಎಂಬತ್ತೈದು ವರ್ಷದ ಆಕೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, "ಯಾರೋ ಪಾಲಾಗೋದು? ನಾನು ಕಣ್ಣು ಮುಚ್ಚೋ ತನಕ ತಡೆಯೋಕಾಗಲಿಲ್ವೇನೋ ನಿಮಗೆ?" ಎಂದು ನನ್ನನ್ನು ಗದರಿಸಿದರು.

ಮನೆ ಪಾಲಾಗುತ್ತಿಲ್ಲ, ಮಕ್ಕಳು ಒಂದು ಕಂಪೆನಿ ಕಟ್ಟುತ್ತಿದ್ದಾರೆ ಎಂದು ಬಿಡಿಸಿ ಹೇಳಬೇಕಾಯಿತು. ತಪ್ಪು ಆಕೆಯದಲ್ಲ. ನಮ್ಮ ಭಾಷೆಯಲ್ಲಿ ಕೂಡುವುದಕ್ಕೂ ಒಡೆಯುವುದಕ್ಕೂ ‘ಪಾಲು’ ಎಂಬುದೊಂದೇ ಮಾತು. ಅಣ್ಣತಮ್ಮಂದಿರು ಬೇರೆಯಾಗುವಾಗ ಬರೆಯುವುದು ಪಾಲುಪಟ್ಟಿ. ಸ್ನೇಹಿತರಿಬ್ಬರು ಒಂದಾಗಿ ವ್ಯಾಪಾರ ಹೂಡುವಾಗ ಬರೆಯುವುದು ಪಾಲುದಾರಿಕೆಯ ಪತ್ರ. ಆ ಮಾತು ಕೇಳಿದೊಡನೆ ನನ್ನ ತಾಯಿಯವರ ಎದೆ ಝಲ್ಲೆನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆ ಇರುವುದು ಶಿವಮೊಗ್ಗದ ನವುಲೆಯಲ್ಲಿ, ಸವಳಂಗ ರಸ್ತೆಯ ಮಗ್ಗುಲಿಗೆ. ನಾನು ಹುಡುಗನಾಗಿದ್ದಾಗ ನವುಲೆಯೆಂದರೆ ಊರಾಚೆಯ ಹಳ್ಳಿ. ಈಗ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನ್ಯಾಷನಲ್ ಇಂಜಿನಿಯರಿಂಗ್ ಕಾಲೇಜು ಇಲ್ಲಿದೆ. ಕೃಷಿ ಕಾಲೇಜು ಇದೆ. ಕ್ರಿಕೆಟ್ ಆಟದ ಬಯಲೂ ಇದೆ. ಸಂಜೆಯ ಹೊತ್ತು ಟೀ ಅಂಗಡಿಯ ಮುಂದೆ ನಿಂತರೆ ನೌಕರಿಯ ಮಾತಿನಷ್ಟೇ ಸ್ವಂತ ಉದ್ದಿಮೆಯ ಮಾತೂ ಕಿವಿಗೆ ಬೀಳುತ್ತದೆ. ನನ್ನ ಮಗಳು ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಸಾಕೆನಿಸಿ, ಊರಿಗೆ ಮರಳಿದವಳು. ಗೆಳತಿ ಅವಳ ಕಾಲೇಜಿನ ಸಹಪಾಠಿ.

ಅವರ ಕಣ್ಣು ಬಿದ್ದದ್ದು ಅಡಿಕೆಯ ಹಾಳೆಯ ಮೇಲೆ. ತೋಟದಲ್ಲಿ ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಕಾದ ಅಚ್ಚಿನಲ್ಲಿಟ್ಟು ಒತ್ತಿದರೆ ತಟ್ಟೆಯಾಗುತ್ತದೆಂಬುದು ಮಲೆನಾಡಿನವರಿಗೆ ಹೊಸದಲ್ಲ. ಊಟದ ತಟ್ಟೆ ಮಾಡಿ ಹೊರದೇಶಕ್ಕೆ ಕಳುಹಿಸಬೇಕೆಂಬುದು ಮೊದಲ ಯೋಚನೆ. ಅಷ್ಟರಲ್ಲಿ, 2025ರ ಮೇ ತಿಂಗಳಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯ ಕ್ಷಾರಗಳು ಆಹಾರಕ್ಕೆ ಇಳಿಯಬಹುದೆಂದೂ ಊಟಕ್ಕೆ ಅವನ್ನು ಬಳಸಬಾರದೆಂದೂ ಪ್ರಕಟಿಸಿತು. ಹುಡುಗಿಯರು ಎರಡು ವಾರ ಸಪ್ಪಗಿದ್ದರು. ಆಮೇಲೆ ಊಟದ ತಟ್ಟೆಯ ಯೋಚನೆಯನ್ನು ಬಿಟ್ಟು, ಸಸಿ ಬೆಳೆಸುವ ಬಟ್ಟಲು, ಉಡುಗೊರೆ ಕಟ್ಟುವ ಪೆಟ್ಟಿಗೆ, ಇಂಥವುಗಳನ್ನು ಮಾಡುವುದೆಂದು ನಿಶ್ಚಯಿಸಿದರು. ಸಸಿ ಮಾರುವ ನರ್ಸರಿಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ.

ಈ ಪ್ರಸಂಗದಿಂದ ನನ್ನ ಮಗಳು ಒಂದು ಪಾಠ ಕಲಿತಳು. "ಅಪ್ಪಾ, ನಾವು ಯಾವ ತಪ್ಪೂ ಮಾಡದೆ ಇದ್ರೂ ಎಲ್ಲೋ ಕೂತವರು ಒಂದು ಕಾಗದ ಹೊರಡಿಸಿದ್ರೆ ನಷ್ಟ ನಮ್ಮ ಮನೆಬಾಗಿಲಿಗೆ ಬರುತ್ತಲ್ಲ!" ಎಂದಳು. ನಷ್ಟ ಬಂದರೆ ಎಲ್ಲಿಯವರೆಗೆ ಬರಬಹುದು? ಅಂಗಡಿಯ ಬಾಗಿಲಿನವರೆಗೋ, ಮನೆಯ ಬಾಗಿಲಿನವರೆಗೋ? ಉದ್ದಿಮೆಗೆ ಯಾವ ಕಾನೂನಿನ ರೂಪ ಕೊಡಬೇಕೆಂಬ ಪ್ರಶ್ನೆಯ ತಿರುಳು ಇದೇ ಎಂಬುದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನಷ್ಟ ನಮ್ಮ ಮನೆಯ ಬಾಗಿಲು ದಾಟಿ ದೇವರ ಕೋಣೆಯವರೆಗೆ ಬಂದುದನ್ನು ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ.

ಮಗಳದು ಅಡಿಕೆಯ ಹಾಳೆಯಾದರೆ ನನ್ನ ತೀರ್ಥರೂಪರದು ಕಾಗದದ ಹಾಳೆ. ಅವರು ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. 1968ರಲ್ಲಿ ಅವರ ಬಾಲ್ಯಸ್ನೇಹಿತರೊಬ್ಬರು, "ನೀನು ದುಡಿ, ನಾನು ದುಡ್ಡು ಹಾಕ್ತೀನಿ, ಬಂದದ್ದರಲ್ಲಿ ಸಮಪಾಲು" ಎಂದರು. ಹೀಗೆ ಶಿವಮೊಗ್ಗದಲ್ಲಿ ಒಂದು ಕಾಲುಯಂತ್ರದ ಪುಟ್ಟ ಮುದ್ರಣಾಲಯ ಆರಂಭವಾಯಿತು. ಲಗ್ನಪತ್ರಿಕೆ, ಬಿಲ್ಲು ಪುಸ್ತಕ, ಜಾತ್ರೆಯ ಕರಪತ್ರ—ಊರಿಗೆಲ್ಲ ಪತ್ರ ಅಚ್ಚು ಹಾಕಿ ಕೊಟ್ಟ ಆ ಇಬ್ಬರೂ ತಮ್ಮಿಬ್ಬರ ನಡುವಿನ ಒಂದು ಪತ್ರವನ್ನು ಮಾತ್ರ ಬರೆದುಕೊಳ್ಳಲಿಲ್ಲ. ಯಾರಾದರೂ ಕೇಳಿದರೆ, "ನಮ್ಮಿಬ್ಬರ ಮಧ್ಯೆ ಕಾಗದವೇ?" ಎಂದು ನಗುತ್ತಿದ್ದರಂತೆ. ಅವರನ್ನು ನಾನು ಮಾವ ಎಂದೇ ಕರೆಯುತ್ತಿದ್ದೆ. ಹಬ್ಬಕ್ಕೆ ಅವರ ಮನೆಯ ಹೋಳಿಗೆ ನಮ್ಮ ಮನೆಗೆ, ನಮ್ಮ ಮನೆಯ ಪಾಯಸ ಅವರ ಮನೆಗೆ.

ಮೊದಲ ಪೆಟ್ಟು 1972ರಲ್ಲಿ ಬಿದ್ದಿತು. ಗಿರಾಕಿಯೊಬ್ಬರು ಮೂರು ಸಾವಿರ ರೂಪಾಯಿಯ ಕೆಲಸ ಮಾಡಿಸಿಕೊಂಡು ಹಣ ಕೊಡದೆ ಸತಾಯಿಸಿದರು. ದಾವೆ ಹೂಡೋಣವೆಂದು ವಕೀಲರ ಬಳಿ ಹೋದರೆ, "ನಿಮ್ಮ ಪಾಲುದಾರಿಕೆ ನೋಂದಣಿಯಾಗಿದೆಯೆ?" ಎಂದು ಅವರು ಕೇಳಿದರಂತೆ. ಆಗಿರಲಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 69ನೆಯ ಕಲಮಿನಂತೆ, ನೋಂದಣಿಯಾಗದ ಸಂಸ್ಥೆಯು ಒಪ್ಪಂದದಿಂದ ತನಗೆ ಬರಬೇಕಾದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ನೂರು ರೂಪಾಯಿ ಮೀರದ ಚಿಲ್ಲರೆ ಬಾಬಿಗೆ ಮಾತ್ರ ವಿನಾಯಿತಿ. ಹೊರಗಿನವರು ಮಾತ್ರ ಸಂಸ್ಥೆಯ ಮೇಲೆ ಧಾರಾಳವಾಗಿ ದಾವೆ ಹೂಡಬಹುದು!

ಎರಡನೆಯ ಪೆಟ್ಟು 1974ರಲ್ಲಿ. ಮಾವ ಹೃದಯಾಘಾತದಿಂದ ತೀರಿಕೊಂಡರು. ಹದಿಮೂರು ದಿನ ಕಳೆಯುವಷ್ಟರಲ್ಲಿ ಸಾಲಗಾರರು ಬಂದರು. ದೊಡ್ಡ ಯಂತ್ರವೊಂದನ್ನು ಕೊಳ್ಳಲೆಂದು ಮಾವ ಸಂಸ್ಥೆಯ ಹೆಸರಿನಲ್ಲಿ ಪ್ರೋನೋಟುಗಳಿಗೆ ಸಹಿ ಹಾಕಿ ಮುಂಗಡ ಕೊಟ್ಟಿದ್ದರು. ತೀರ್ಥರೂಪರಿಗೆ ಅದರ ಸುದ್ದಿಯೇ ಇರಲಿಲ್ಲ. ಒಟ್ಟು ಹದಿನಾಲ್ಕು ಸಾವಿರ ರೂಪಾಯಿ. "ಸಹಿ ನನ್ನದಲ್ಲವಲ್ಲ" ಎಂದು ಅವರು ಹೇಳಿದರೆ ಕೇಳುವವರಾರು? ಸಂಸ್ಥೆಯ ವ್ಯವಹಾರಕ್ಕಾಗಿ ಒಬ್ಬ ಪಾಲುದಾರ ಮಾಡಿದ್ದು ಎಲ್ಲ ಪಾಲುದಾರರನ್ನೂ ಕಟ್ಟುತ್ತದೆ. ಸಾಲಕೊಟ್ಟವನು ಅವರಲ್ಲಿ ಯಾರೊಬ್ಬನಿಂದಲಾದರೂ ಪೂರ್ತಿ ಹಣವನ್ನು ವಸೂಲು ಮಾಡಬಹುದು. ಕಾಯಿದೆ ಹೇಳುವುದೇ ಹೀಗೆ.

ತೀರ್ಥಹಳ್ಳಿಯ ಕಡೆ ಹಿರಿಯರಿಂದ ಬಂದಿದ್ದ ಒಂದೆಕರೆ ತೋಟ ಹೋಯಿತು. ಅದೂ ಸಾಲದೆ ಬಂದಾಗ ಅಮ್ಮ ದೇವರ ಕೋಣೆಯ ಪೆಟ್ಟಿಗೆಯಿಂದ ನಾಲ್ಕು ಬಳೆಗಳನ್ನೂ ಒಂದು ಅವಲಕ್ಕಿ ಸರವನ್ನೂ ತೆಗೆದುಕೊಟ್ಟರು. ನಾನು ಬಾಗಿಲ ಬಳಿ ನಿಂತಿದ್ದೆ. ಮಾವನ ಆಸ್ತಿಯಿಂದ ಅವರ ಪಾಲಿನ ನಷ್ಟವನ್ನು ಕೇಳಿ ದಾವೆ ಹೂಡಬಹುದೆಂದು ವಕೀಲರು ಹೇಳಿದರು. ಆ ಮನೆಯಲ್ಲಿ ಉಳಿದಿದ್ದವರು ಒಬ್ಬ ಹೆಂಗಸು, ಎರಡು ಚಿಕ್ಕ ಮಕ್ಕಳು. ತೀರ್ಥರೂಪರು ದಾವೆ ಹೂಡಲಿಲ್ಲ. ಮತ್ತೆ ಬೇರೊಬ್ಬರ ಮುದ್ರಣಾಲಯದಲ್ಲಿ ಮೊಳೆ ಜೋಡಿಸಲು ಹೋದರು. ಕಣ್ಣು ಮಂಜಾಗುವವರೆಗೆ ಅದನ್ನೇ ಮಾಡಿದರು.

ಬಹಳ ವರ್ಷಗಳ ಮೇಲೆ ಆ ಕಾಯಿದೆಯನ್ನು ತರಿಸಿಕೊಂಡು ಓದಿದೆ. ನಾನು ಗಣಿತದ ಮೇಷ್ಟರು, ಕಾನೂನು ಬಲ್ಲವನಲ್ಲ. ಆದರೂ ಒಂದು ಸಂಗತಿ ಮನಸ್ಸಿಗೆ ನಾಟಿತು. ಪತ್ರ ಬರೆದುಕೊಳ್ಳದ ಪಾಲುದಾರರ ನಡುವೆ ಪತ್ರವೇ ಇಲ್ಲವೆಂದು ತಿಳಿಯಬಾರದು. ಅವರಿಗಾಗಿ ಕಾನೂನೇ ಒಂದನ್ನು ಬರೆದಿಟ್ಟಿರುತ್ತದೆ. ಲಾಭನಷ್ಟಗಳು ಸಮಸಮ. ದುಡಿದವನಿಗೆ ಸಂಬಳವಿಲ್ಲ. ಬಂಡವಾಳಕ್ಕಿಂತ ಹೆಚ್ಚಾಗಿ ಹಣ ಹಾಕಿದವನಿಗೆ ನೂರಕ್ಕೆ ಆರರ ಬಡ್ಡಿ. ಒಬ್ಬನು ಸತ್ತರೆ ಸಂಸ್ಥೆಯೂ ಮುಗಿಯಿತು. ‘ಬೇರೆ ಒಪ್ಪಂದವಿಲ್ಲದಿದ್ದರೆ’ ಎಂಬ ಮಾತು ಈ ಎಲ್ಲ ನಿಯಮಗಳ ಬೆನ್ನಿಗಿದೆ. ಬೇರೆ ಒಪ್ಪಂದ ಮಾಡಿಕೊಳ್ಳಲು ತೀರ್ಥರೂಪರಿಗೂ ಮಾವನಿಗೂ ಆರು ವರ್ಷಗಳ ಅವಕಾಶವಿತ್ತು.

ಈ ಹಿನ್ನೆಲೆಯಿದ್ದುದರಿಂದಲೇ ನಾನು ಹುಡುಗಿಯರಿಬ್ಬರನ್ನೂ ಕರೆದುಕೊಂಡು ಪರಿಚಯದ ಆಡಿಟರೊಬ್ಬರ ಬಳಿಗೆ ಹೋದೆ. ಅವರು ಕಾಫಿ ತರಿಸಿ, ಯಾವ ರೂಪ ಬೇಕೆಂದು ಕೇಳುವುದನ್ನು ಬಿಟ್ಟು, ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟರು. ಹಣ ಯಾರದು? ದುಡಿಮೆ ಯಾರದು? ಮುಳುಗಿದರೆ ಎಷ್ಟರವರೆಗೆ ಮುಳುಗಲು ಸಿದ್ಧ? ಒಬ್ಬರು ಬಿಟ್ಟುಹೋದರೆ, ಇಲ್ಲವೆ ಇಲ್ಲವಾದರೆ, ಮುಂದೇನು? "ಇದಕ್ಕೆ ಉತ್ತರ ಸಿಕ್ಕಿದರೆ ರೂಪ ತಾನಾಗಿ ಸಿಕ್ಕುತ್ತದೆ" ಎಂದರು.

ಆಮೇಲೆ ಒಂದೊಂದನ್ನೇ ಬಿಡಿಸಿ ಹೇಳಿದರು. ಒಬ್ಬರೇ ಮಾಡುವ ವ್ಯಾಪಾರ ಎಲ್ಲಕ್ಕಿಂತ ಸುಲಭ. ಸರ್ಕಾರದ ಉದ್ಯಮ್ ನೋಂದಣಿ 2020ರಿಂದ ಶುಲ್ಕವಿಲ್ಲದೆ ನಡೆಯುತ್ತಿದೆ. ಆದರೆ ಅಲ್ಲಿ ವ್ಯಾಪಾರ ಬೇರೆ, ವ್ಯಾಪಾರಿ ಬೇರೆ ಎಂಬ ಭೇದವಿಲ್ಲ. ಪಾಲುದಾರಿಕೆಯಲ್ಲಿ ಇಬ್ಬರು ಸೇರುತ್ತಾರೆ, ಹೊಣೆಯೂ ಇಮ್ಮಡಿಯಾಗುತ್ತದೆ; ಅದರ ಕಥೆ ನನಗೆ ತಿಳಿದೇ ಇತ್ತು. ಕಂಪೆನಿಯೆಂದರೆ ಹಾಗಲ್ಲ, ಕಾನೂನಿನ ಕಣ್ಣಿಗೆ ಅದು ಬೇರೆಯೇ ಒಬ್ಬ ವ್ಯಕ್ತಿ. ಸಾಲ ಅದರದು, ಆಸ್ತಿ ಅದರದು.

ಈ ತತ್ತ್ವ ಗಟ್ಟಿಯಾದದ್ದು ಲಂಡನ್ನಿನ ಚರ್ಮದ ಬೂಟಿನ ವ್ಯಾಪಾರಿಯೊಬ್ಬನಿಂದ. ಸಾಲೋಮನ್ ಎಂಬಾತ ತನ್ನ ವ್ಯಾಪಾರವನ್ನು ಕಂಪೆನಿಯಾಗಿ ಮಾಡಿ, ಹೆಂಡತಿ ಮಕ್ಕಳಿಗೆ ಒಂದೊಂದು ಷೇರು ಕೊಟ್ಟು, ಉಳಿದುದನ್ನೆಲ್ಲ ತಾನೇ ಇಟ್ಟುಕೊಂಡ. ಕಂಪೆನಿ ದಿವಾಳಿಯಾಯಿತು. ಇದೆಲ್ಲ ಬರಿಯ ವೇಷ, ಸಾಲವನ್ನು ಅವನೇ ತೀರಿಸಬೇಕೆಂದು ಮೊಕದ್ದಮೆ ನಡೆಯಿತು. 1896ರಲ್ಲಿ ಇಂಗ್ಲೆಂಡಿನ ಪ್ರಭುಸಭೆ, ಕಂಪೆನಿ ಬೇರೆ, ಸಾಲೋಮನ್ ಬೇರೆ ಎಂದು ತೀರ್ಪಿತ್ತಿತು. ಅಂದಿನ ಆ ಗೆರೆಯ ಈಚೆಗೆ ನಿಂತು ಇಂದು ನವುಲೆಯ ಹುಡುಗಿಯರೂ ವ್ಯಾಪಾರ ಮಾಡಬಹುದು.

"ದೂರ ಯಾಕೆ ಮೇಷ್ಟ್ರೇ, ನಮ್ಮ ಜಿಲ್ಲೇನೇ ನೋಡಿ" ಎಂದು ಆಡಿಟರು ಮುಂದುವರಿಸಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದು ಮೈಸೂರು ಸರ್ಕಾರದ ಸ್ವಂತ ಉದ್ಯಮ, ಕಂಪೆನಿಯಾದದ್ದು 1962ರಲ್ಲಿ. ಅದೇ ಊರಿನ ಕಾಗದದ ಕಾರ್ಖಾನೆ 1936ರಲ್ಲಿ ಹುಟ್ಟುವಾಗಲೇ ಷೇರುಗಳ ಕಂಪೆನಿ. 1977ರಲ್ಲಿ ಸರ್ಕಾರಿ ಕಂಪೆನಿಯಾಯಿತು. ಅಡಿಕೆ ಬೆಳೆಗಾರರು 1939ರಲ್ಲಿ ಶಿವಮೊಗ್ಗದಲ್ಲಿ ಕಟ್ಟಿಕೊಂಡ ಮ್ಯಾಮ್ಕೋಸ್ ಸಹಕಾರ ಸಂಘ. ಅಲ್ಲಿ ಎಷ್ಟು ಷೇರಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಇಪ್ಪತ್ತು ಕಿಲೋಮೀಟರಿನ ಹಾದಿಯಲ್ಲಿ ಮೂರು ಬಗೆಯ ರೂಪಗಳು!

ಕಾಗದದ ಕಾರ್ಖಾನೆಯ ಹೆಸರು ಕೇಳಿ ನನ್ನ ಮನಸ್ಸು ಭಾರವಾಯಿತು. ತೀರ್ಥರೂಪರ ಮುದ್ರಣಾಲಯಕ್ಕೆ ಕಾಗದ ಬರುತ್ತಿದ್ದುದು ಅಲ್ಲಿಂದಲೇ. 2015ರಲ್ಲಿ ಅಲ್ಲಿಯ ಉತ್ಪಾದನೆ ನಿಂತಿತು. ಷೇರು ಕೊಂಡವನು ಹಾಕಿದ ಹಣವನ್ನಷ್ಟೇ ಕಳೆದುಕೊಂಡ; ಅದನ್ನು ನಂಬಿ ಬದುಕಿದ ಕಾರ್ಮಿಕರು ಜೀವನದ ಆಧಾರವನ್ನೇ ಕಳೆದುಕೊಂಡರು. ರೂಪ ಚೆನ್ನಾಗಿದ್ದ ಮಾತ್ರಕ್ಕೆ ಉದ್ದಿಮೆ ಉಳಿಯುವುದಿಲ್ಲ. ಬಿದ್ದರೆ ಯಾರ ಮೇಲೆ ಎಷ್ಟು ಬೀಳಬೇಕೆಂಬುದನ್ನಷ್ಟೇ ರೂಪ ನಿರ್ಧರಿಸುತ್ತದೆ.

ಹಾಗಾದರೆ ಕಂಪೆನಿಯನ್ನೇ ಮಾಡೋಣವೆಂದು ಮಗಳು ಹಾರಿದಳು. 2013ರ ಕಂಪೆನಿ ಕಾಯಿದೆಯಂತೆ ಖಾಸಗಿ ಕಂಪೆನಿಗೆ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರಿದ್ದರೆ ಸಾಕು. ಒಂದು ಲಕ್ಷ ರೂಪಾಯಿ ಬಂಡವಾಳವಿರಲೇಬೇಕೆಂಬ ನಿಯಮವೂ 2015ರಲ್ಲಿ ಹೋಯಿತು. ಒಬ್ಬರೇ ಸದಸ್ಯರಾಗಿರುವ ಕಂಪೆನಿಗೂ ಈ ಕಾಯಿದೆಯಲ್ಲಿ ಎಡೆಯುಂಟು. ಹೊರಗಿನವರಿಂದ ಬಂಡವಾಳ ತರುವ ಆಸೆಯಿದ್ದರೆ ಕಂಪೆನಿಯೇ ಸರಿ. ಷೇರು ಕೊಡುವ ಅನುಕೂಲ ಅಲ್ಲಿದೆ. ಆದರೆ ಒಂದು ರೂಪಾಯಿಯ ವ್ಯಾಪಾರವಾಗದಿದ್ದರೂ ಆಡಿಟು ಕಡ್ಡಾಯ, ಸಭೆ ಕಡ್ಡಾಯ, ವರ್ಷವರ್ಷವೂ ಲೆಕ್ಕಪತ್ರ ಸಲ್ಲಿಸುವುದು ಕಡ್ಡಾಯ. ಮೂರು ವರ್ಷ ಸಲ್ಲಿಸದೆ ಬಿಟ್ಟರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. "ಮಗು ಹುಟ್ಟಿಸೋದು ಸುಲಭ, ವರ್ಷವರ್ಷ ಫೀಸು ಕಟ್ಟೋದು ಕಷ್ಟ" ಎಂದು ಆಡಿಟರು ನಕ್ಕರು.

ಇವೆರಡರ ನಡುವಿನದು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ. ಎಲ್ಲರ ಬಾಯಲ್ಲೂ ಎಲ್‌ಎಲ್‌ಪಿ. 2008ರ ಕಾಯಿದೆಯಿಂದ ಹುಟ್ಟಿದ್ದು. ಒಳಗೆ ಪಾಲುದಾರಿಕೆಯ ಸಲಿಗೆ, ಹೊರಗೆ ಕಂಪೆನಿಯ ಗೋಡೆ. ಸಂಸ್ಥೆಯ ಸಾಲಕ್ಕೆ ಪಾಲುದಾರನ ಮನೆ ಹೊಣೆಯಲ್ಲ; ಒಬ್ಬ ಪಾಲುದಾರನ ತಪ್ಪಿಗೆ ಇನ್ನೊಬ್ಬ ಪಾಲುದಾರ ತೆರಬೇಕಾದ್ದಿಲ್ಲ. ಮೋಸ ಮಾಡುವವನಿಗೆ ಮಾತ್ರ ಈ ಗೋಡೆಯ ಆಸರೆಯಿಲ್ಲ. ಒಬ್ಬರು ಸತ್ತರೆ ಸಂಸ್ಥೆ ಸಾಯುವುದಿಲ್ಲ. ವಹಿವಾಟು 40 ಲಕ್ಷ ರೂಪಾಯಿ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ರೂಪಾಯಿ ಮೀರದಿದ್ದರೆ ಈ ಕಾಯಿದೆಯ ಆಡಿಟೂ ಬೇಡ. ವರ್ಷದ ವಿವರಗಳನ್ನು ಮಾತ್ರ ತಪ್ಪದೆ ಸಲ್ಲಿಸಬೇಕು. ಷೇರು ಮಾರಲು ಬರುವುದಿಲ್ಲ, ಲಾಭದ ಮೇಲೆ ನೂರಕ್ಕೆ ಮೂವತ್ತರ ತೆರಿಗೆ—ಇವು ಅದರ ಕುಂದುಗಳು. ಹೊರಗಿನ ಬಂಡವಾಳದ ಆಸೆಯಿಲ್ಲದ ನಮ್ಮ ಹುಡುಗಿಯರಿಗೆ ಇದೇ ಒಪ್ಪಿಗೆಯಾಯಿತು.

ನಾನು ಕಾಯಿದೆಯ ಕೊನೆಯ ಪುಟಗಳನ್ನು ತಿರುವಿದೆ. ಒಪ್ಪಂದ ಬರೆದುಕೊಳ್ಳದವರಿಗೆ ಅಲ್ಲಿಯೂ ಒಂದು ಅನುಸೂಚಿ ಕಾದಿತ್ತು: ಲಾಭನಷ್ಟ ಸಮಸಮ, ದುಡಿದವನಿಗೆ ಸಂಬಳವಿಲ್ಲ. 1932ರ ಹಳೆಯ ಪರಿಚಯವೇ!

ಆದ್ದರಿಂದ ಆ ಸಂಜೆ ಮೇಜಿನ ಮೇಲೆ ಬರೆಯುತ್ತಿದ್ದುದು ಈ ಒಪ್ಪಂದವನ್ನು. ಸಂಸ್ಥೆ ನೋಂದಣಿಯಾದ ಮೂವತ್ತು ದಿನದೊಳಗೆ ಅದನ್ನು ಸಲ್ಲಿಸಬೇಕು. ಮೂರು ಸಂಜೆ ಹಿಡಿಯಿತು. ಕಷ್ಟವೆಲ್ಲಿಯದೆಂದರೆ, ವಿಧಿ ತೀರ್ಥರೂಪರ ಕಥೆಯನ್ನೇ ಮತ್ತೆ ಮುಂದಿಟ್ಟಿತ್ತು. ಗೆಳತಿ ಹಾಕುವ ಹಣ ಆರು ಲಕ್ಷ. ನನ್ನ ಮಗಳದು ಎರಡು ಲಕ್ಷ. ಆದರೆ ಶೆಡ್ಡಿನಲ್ಲಿ ದಿನವಿಡೀ ನಿಲ್ಲುವವಳು ಮಗಳು. ಗೆಳತಿ ಇನ್ನೊಂದು ವರ್ಷ ಬೆಂಗಳೂರಿನ ನೌಕರಿ ಬಿಡುವಂತಿಲ್ಲ. ಒಬ್ಬರ ದುಡ್ಡು, ಒಬ್ಬರ ದುಡಿಮೆ.

ಮೊದಲ ಸಂಜೆ ಇಬ್ಬರೂ ಧಾರಾಳಿಗಳು. "ಎಲ್ಲಾ ಅರ್ಧರ್ಧ ಅಂತ ಬರೆಯೋಣ" ಎಂದರು. ಎರಡನೆಯ ಸಂಜೆ ಮಗಳು ಸಂಬಳದ ಮಾತೆತ್ತಿದಳು. ಗೆಳತಿಯ ಮುಖ ಬಾಡಿತು. ಆಮೇಲೆ ಗೆಳತಿ, "ನೀನು ಮದುವೆಯಾಗಿ ಊರು ಬಿಟ್ಟರೆ ನನ್ನ ಆರು ಲಕ್ಷದ ಗತಿಯೇನು?" ಎಂದಳು, ಮಗಳ ಮುಖ ಬಾಡಿತು. "ನಿನಗೆ ನನ್ನ ಮೇಲೆ ಇಷ್ಟೇನಾ ನಂಬಿಕೆ?" ಎಂದು ಎದ್ದುಹೋದಳು. ನನ್ನ ಪತ್ನಿ ಇಬ್ಬರಿಗೂ ಬಿಸಿಬಿಸಿ ಅಕ್ಕಿರೊಟ್ಟಿ ಬಡಿಸಿದಳು. ಒಬ್ಬರ ಮುಖ ಒಬ್ಬರು ನೋಡದೆ ತಿಂದರು. ಗೆಳತಿ ಹೊರಟಾಗ ಮಗಳು ಬಾಗಿಲವರೆಗೂ ಹೋಗಲಿಲ್ಲ.

ಆ ರಾತ್ರಿ ಅವಳನ್ನು ಕೂರಿಸಿಕೊಂಡು, ಅಜ್ಜನ ಮುದ್ರಣಾಲಯದ ಕಥೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿದೆ. ಅಲ್ಲಿಯವರೆಗೆ ಅವಳಿಗೆ ತಿಳಿದಿದ್ದುದು, ಅಜ್ಜನಿಗೆ ಒಂದು ಕಾಲದಲ್ಲಿ ಸ್ವಂತ ಮುದ್ರಣಾಲಯವಿತ್ತು ಎಂಬಷ್ಟೇ. ಅವರ ಸ್ನೇಹದಲ್ಲಿ ಕೊರತೆಯಿರಲಿಲ್ಲ. ಮಾವ ಮೋಸಗಾರರೂ ಆಗಿರಲಿಲ್ಲ. ಮುದ್ರಣಾಲಯ ಬೆಳೆಯಲೆಂದೇ ಅವರು ಆ ಸಹಿ ಹಾಕಿದ್ದು. ಒಬ್ಬರನ್ನೊಬ್ಬರು ನಂಬಿದ್ದವರು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಗಳಿಗೆ ಕೊನೆಗೆ ಸಾಲಗಾರರು ಉತ್ತರ ಬರೆದರು. ಮಗಳು ಏನೂ ಹೇಳಲಿಲ್ಲ. ಬೆಳಗ್ಗೆ ಅವಳೇ ಗೆಳತಿಗೆ ಫೋನು ಮಾಡಿದಳು.

ಮೂರನೆಯ ಸಂಜೆ ಒಪ್ಪಂದ ಮುಗಿಯಿತು. ಬಂಡವಾಳದ ಲೆಕ್ಕ ಹಾಕಿದಂತೆ, ಲಾಭ ಅರ್ಧರ್ಧ. ಪೂರ್ಣಕಾಲ ದುಡಿಯುವವಳಿಗೆ ತಿಂಗಳಿಗೆ 15,000 ರೂಪಾಯಿ ಸಂಬಳ. ಇನ್ನೊಬ್ಬಳು ಬಂದು ಸೇರಿದ ದಿನದಿಂದ ಅವಳಿಗೂ ಅಷ್ಟೇ. 50,000 ರೂಪಾಯಿ ಮೀರಿದ ಯಾವ ಖರ್ಚಿಗೂ ಎರಡೂ ಸಹಿ. ಬಿಟ್ಟುಹೋಗುವವರು ಆರು ತಿಂಗಳು ಮುಂಚೆ ತಿಳಿಸಬೇಕು. ಅವರ ಹಣವನ್ನು ಲೆಕ್ಕ ಹಾಕಿ ಎಂಟು ಕಂತುಗಳಲ್ಲಿ ಕೊಡಬೇಕು. ಒಬ್ಬರು ತೀರಿಕೊಂಡರೆ ಅದೇ ರೀತಿಯಲ್ಲಿ ಅವರ ಮನೆಯವರಿಗೆ ಸಲ್ಲಬೇಕು, ಸಂಸ್ಥೆ ನಡೆಯಬೇಕು.

ಇಷ್ಟಾದರೂ ನನಗಾಗಿ ಒಂದು ಪರೀಕ್ಷೆ ಉಳಿದಿತ್ತು. ಯಂತ್ರಕ್ಕೆ ಸಾಲ ಬೇಕಲ್ಲ! ಬ್ಯಾಂಕಿನ ಅಧಿಕಾರಿಗಳು ಕಾಗದಪತ್ರ ನೋಡಿ ಸಂತೋಷಪಟ್ಟರು. ಆಮೇಲೆ, "ಇಬ್ಬರೂ ಸ್ವಂತ ಜಾಮೀನು ಬರೆದುಕೊಡಬೇಕು" ಎಂದರು. ನನ್ನತ್ತ ತಿರುಗಿ, "ತಾವು ನವುಲೆಯ ಮನೆಯನ್ನು ಆಧಾರ ಕೊಟ್ಟರೆ ಇಪ್ಪತ್ತು ಲಕ್ಷದವರೆಗೆ ಕೊಡಬಹುದು, ದೊಡ್ಡ ಯಂತ್ರವನ್ನೇ ಕೊಳ್ಳಬಹುದು" ಎಂದು ಸೇರಿಸಿದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಅದು ಅವರ ಕೆಲಸ.

ಹೊರಗೆ ಬಂದ ಮೇಲೆ ಗೆಳತಿ, "ಹಾಗಾದರೆ ಸೀಮಿತ ಹೊಣೆ ಅನ್ನೋದರ ಅರ್ಥವೇನು ಅಂಕಲ್?" ಎಂದು ಕೇಳಿದಳು. ಅದೇ ಪ್ರಶ್ನೆಯನ್ನು ಆಡಿಟರ ಮುಂದಿಟ್ಟೆವು. ಅವರ ಉತ್ತರ ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕಾದುದು. ಹಾಳೆ ಮಾರಿದವರು, ಶೆಡ್ಡಿನ ಒಡೆಯರು, ಗಿರಾಕಿಗಳು—ಇವರೆಲ್ಲರ ಎದುರಿಗೆ ಗೋಡೆ ಗೋಡೆಯೇ. ಜಾಮೀನು ಮಾತ್ರ ಆ ಗೋಡೆಯಲ್ಲಿ ನಾವೇ ನಮ್ಮ ಕೈಯಿಂದ ತೆರೆದಿಡುವ ಬಾಗಿಲು. ಸಂಸ್ಥೆ ದಿವಾಳಿಯಾಗಿ ಅದರ ಲೆಕ್ಕ ತೀರ್ಮಾನವಾದರೂ ಜಾಮೀನುದಾರನ ಹೊಣೆ ತಾನಾಗಿ ಅಳಿಯದೆಂದು ಸರ್ವೋಚ್ಚ ನ್ಯಾಯಾಲಯವೂ 2021ರಲ್ಲಿ ಹೇಳಿದೆ. ಬಾಗಿಲು ತೆರೆಯುವುದೇ ಆದರೆ ಎಷ್ಟು ಅಗಲ ತೆರೆಯಬೇಕೆಂದು ಅಳೆದು ತೆರೆಯಬೇಕು. ಸಣ್ಣ ಉದ್ದಿಮೆಗಳ 10 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿಯ ಆಧಾರ ಕೇಳಬಾರದೆಂದು ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ ನಿಯಮವನ್ನೂ ಅವರೇ ತಿಳಿಸಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆ ಬರೆದುಕೊಡದಿದ್ದರೆ ಮಗಳ ಕಾಲಿಗೆ ನಾನೇ ಹಗ್ಗ ಕಟ್ಟಿದಂತಾಗುವುದಿಲ್ಲವೆ? ಬರೆದುಕೊಟ್ಟರೆ, ಮುಪ್ಪಿನಲ್ಲಿರುವ ತಾಯಿಯನ್ನು ಎರಡನೆಯ ಬಾರಿ ದೇವರ ಕೋಣೆಗೆ ಕಳುಹಿಸಬೇಕಾಗಿ ಬಂದರೆ? ಬೆಳಗಾದ ಮೇಲೆ ನಾನು ಮಾತೆತ್ತುವ ಮೊದಲೇ ಮಗಳು ಹೇಳಿದಳು: "ಅಪ್ಪಾ, ಸಣ್ಣ ಯಂತ್ರಾನೇ ತಗೊಳ್ತೀವಿ. ಒಂಬತ್ತು ಲಕ್ಷದ ಸಾಲ. ಜಾಮೀನು ನಮ್ಮಿಬ್ಬರದೇ. ಮನೆ ಕಾಗದ ಬೀರುವಿನಲ್ಲೇ ಇರಲಿ." ನಾನು ಹೋದರೂ ಚಿಂತೆಯಿಲ್ಲವೆನ್ನುವಷ್ಟು ಹಣವನ್ನು ನನ್ನ ಉಳಿತಾಯದಿಂದ ತೆಗೆದು, ಸಾಲವೆನ್ನದೆ ಪಾಲೆನ್ನದೆ, ಅವಳ ಕೈಗೆ ಕೊಟ್ಟೆ. ಅವಳ ಎರಡು ಲಕ್ಷದಲ್ಲಿ ಅದೂ ಸೇರಿತು.

ಒಪ್ಪಂದಕ್ಕೆ ಸಹಿ ಹಾಕಿದ ದಿನ ನನ್ನ ತಾಯಿಯವರು ಅದನ್ನು ಓದಿ ಹೇಳಬೇಕೆಂದರು. ಆಡಿಟರ ಬರಹವನ್ನು ಸುಲಭದ ಮಾತಿಗೆ ಇಳಿಸಿ ಮಗಳು ಓದಿದಳು. ‘ಒಬ್ಬರು ತೀರಿಕೊಂಡರೆ’ ಎಂಬಲ್ಲಿಗೆ ಬಂದಾಗ ಅವಳ ದನಿ ತಗ್ಗಿತು. "ಅದನ್ನ ಇನ್ನೊಂದು ಸಲ ಓದು ಪುಟ್ಟಿ" ಎಂದರು ಅಜ್ಜಿ. ಓದಿದಳು. ಆಕೆ ಬಹಳ ಹೊತ್ತು ಬರಿಯ ಕೈಮಣಿಕಟ್ಟನ್ನು ಸವರಿಕೊಳ್ಳುತ್ತ ಕುಳಿತಿದ್ದರು. ಬಳಿಕ, "ಇಷ್ಟು ನಾಲ್ಕು ಸಾಲು ಬರೆಯೋಕೆ ಅವರಿಬ್ಬರಿಗೂ ನಾಚಿಕೆಯಾಯಿತು ನೋಡು" ಎಂದು ಹೇಳಿ, ಎರಡೂ ಹುಡುಗಿಯರ ತಲೆಯ ಮೇಲೆ ಕೈಯಿಟ್ಟರು.

ಯಂತ್ರ ಬಂದು ನಿಂತಿದೆ. ಲಾಭ ಬರುವುದೋ ನಷ್ಟ ಬರುವುದೋ ಬಲ್ಲವರಾರು? ಅಚ್ಚಿನಿಂದ ಮೊದಲು ಹೊರಬಂದ ಹಾಳೆಯ ಬಟ್ಟಲಿನ ಅಂಚು ಒಂದಿಷ್ಟು ಸೊಟ್ಟಗಾಗಿತ್ತು. ಮಾರಲು ಬಾರದೆಂದು ಮನೆಗೆ ತಂದರು. ಅಮ್ಮ ಅದರಲ್ಲಿ ಒಂದು ತುಳಸಿಯ ಸಸಿ ನೆಟ್ಟು, ದೇವರ ಕೋಣೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾರೆ.